ರಾಗಿಗೆ ಹಾರ್ಮೋನು ಸಿಂಪಡಿಸಿದರೆ ತೆಂಡೆ ಹೆಚ್ಚುತ್ತದೆಯೇ?

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ರೈತ. ಜುಲೈ ಕೊನೆಯಲ್ಲಿ ಎರಡು ಎಕರೆ ಕೆಂಪು ಮಣ್ಣಿನ ಖುಷ್ಕಿ ಹೊಲಕ್ಕೆ ಕೂರಿಗೆಯಲ್ಲಿ ಜಿಪಿಯು-28 ತಳಿಯ ರಾಗಿ ಬಿತ್ತಿದ್ದೇನೆ. ಅಕ್ಕಡಿ ಸಾಲಿನಲ್ಲಿ ಅವರೆ ಇದೆ. ಬೆಳೆಗೆ ಈಗ ಒಂದು ತಿಂಗಳು. ಬೀಜ ಒತ್ತಾಗಿ ಬಿದ್ದದ್ದರಿಂದಲೋ ಏನೋ, ಗಿಡಕ್ಕೆ ಒಂದೆರಡು ತೆಂಡೆ (ಬುಡದಿಂದ ಏಳುವ ಕವಲು) ಮಾತ್ರ ಒಡೆದಿವೆ. ಪಕ್ಕದ ತೋಟದವರು ಬೀಜವಿಲ್ಲದ ದ್ರಾಕ್ಷಿಗೆ ಜಿಬ್ಬರೆಲಿಕ್ ಆಮ್ಲ ಕೊಟ್ಟು ಒಳ್ಳೆಯ ಗಾತ್ರ ಪಡೆದಿದ್ದಾರೆ. ಔಷಧಿ ಅಂಗಡಿಯವರು ಅದನ್ನೇ ರಾಗಿಗೂ ಹೊಡೆಯಿರಿ, ತೆಂಡೆ ಎರಡರಷ್ಟಾಗುತ್ತದೆ ಎನ್ನುತ್ತಾರೆ. ತೆನೆ ಕಟ್ಟುವಾಗ ಇನ್ನೊಂದು ಟಾನಿಕ್ ಬೇಕಂತೆ. ಹೋದ ವರ್ಷ ಯೂರಿಯಾ ಜಾಸ್ತಿಯಾಗಿ ಬೆಳೆ ಮಲಗಿಬಿಟ್ಟಿತ್ತು, ಅದೇ ಭಯ. ಹಾರ್ಮೋನು ಹೊಡೆದ ರಾಗಿಯ ಮುದ್ದೆ ತಿಂದರೆ, ಹುಲ್ಲನ್ನು ಹಸುವಿಗೆ ಹಾಕಿದರೆ ತೊಂದರೆ ಇದೆಯೇ? ಹೋದ ವರ್ಷ ಪಕ್ಕದ ರಾಗಿ ಹೊಲಕ್ಕೆ ಕಳೆನಾಶಕ ಹೊಡೆದ ಮೇಲೆ ನಮ್ಮ ಟೊಮೆಟೊ ಎಲೆಗಳು ದಾರದಂತೆ ತಿರುಚಿಕೊಂಡವು. ಅದೂ ಹಾರ್ಮೋನೇ ಎಂದು ಯಾರೋ ಹೇಳಿದರು, ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ಮೂಲ ಆತಂಕ ಒಂದೇ. ತೆಂಡೆ ಕಡಿಮೆಯಾಗಿರುವ ಬೆಳೆಯನ್ನು ಈಗ ಸರಿಪಡಿಸಲು ಬಾಟಲಿಯಲ್ಲಿ ಸಿಗುವ ಹಾರ್ಮೋನಿನಿಂದ ಸಾಧ್ಯವೇ, ಸಾಧ್ಯವಾದರೆ ಅದು ಹೋದ ವರ್ಷದಂತೆ ಬೆಳೆಯನ್ನು ಕೆಡವುತ್ತದೆಯೇ ಎಂಬುದು. ಮೊದಲಿಗೇ ಹೇಳಿಬಿಡುತ್ತೇನೆ: ರಾಗಿಗೆ ಜಿಬ್ಬರೆಲಿಕ್ ಆಮ್ಲ ಸಿಂಪಡಿಸಬೇಡಿ. ಅದರಿಂದ ತೆಂಡೆ ಹೆಚ್ಚುವುದಿಲ್ಲ, ಬೆಳೆ ಮಲಗುವ ಸಂಭವ ಹೆಚ್ಚುತ್ತದೆ. ಕಾರಣ ತಿಳಿದುಕೊಂಡರೆ ಮುಂದೆ ಯಾರು ಯಾವ ಬಾಟಲಿ ತೋರಿಸಿದರೂ ನೀವೇ ತೀರ್ಮಾನಿಸಬಹುದು.

ಗಿಡದ ಹಾರ್ಮೋನು ಗೊಬ್ಬರವಲ್ಲ, ಆಹಾರವೂ ಅಲ್ಲ. ಊರಿನಲ್ಲಿ ಡಂಗುರ ಸಾರುವವನು ಸುದ್ದಿ ಮುಟ್ಟಿಸುತ್ತಾನೆಯೇ ಹೊರತು ಧಾನ್ಯ ಹಂಚುವುದಿಲ್ಲ. ಹಾರ್ಮೋನಿನ ಕೆಲಸವೂ ಅಷ್ಟೇ. ಬೇರಿನಲ್ಲಿ ನೀರಿದೆಯೋ ಇಲ್ಲವೋ, ಸಾರಜನಕ ಸಿಕ್ಕಿತೋ ಇಲ್ಲವೋ, ಪಕ್ಕದ ಗಿಡ ನೆರಳು ಮಾಡುತ್ತಿದೆಯೋ ಇಲ್ಲವೋ ಎಂಬ ಸುದ್ದಿಯನ್ನು ಗಿಡದ ಒಂದು ಭಾಗದಿಂದ ಇನ್ನೊಂದಕ್ಕೆ ಒಯ್ಯುವ, ಅತ್ಯಲ್ಪ ಪ್ರಮಾಣದಲ್ಲಿ ಕೆಲಸ ಮಾಡುವ ರಾಸಾಯನಿಕಗಳು ಇವು. ಆಕ್ಸಿನ್, ಜಿಬ್ಬರೆಲಿನ್, ಸೈಟೊಕೈನಿನ್, ಅಬ್ಸಿಸಿಕ್ ಆಮ್ಲ ಮತ್ತು ಎಥಿಲೀನ್ ಎಂಬ ಐದನ್ನು ಹಳೆಯ ಪಠ್ಯಗಳು ಹೆಸರಿಸುತ್ತವೆ. ಅಂಗಡಿಯಲ್ಲಿ ಸಿಗುವ ಜಿಬ್ಬರೆಲಿಕ್ ಆಮ್ಲ ಜಿಬ್ಬರೆಲಿನ್‌ಗಳಲ್ಲಿ ಒಂದು. ಬ್ರಾಸಿನೊಸ್ಟೀರಾಯ್ಡ್, ಸ್ಟ್ರೈಗೊಲ್ಯಾಕ್ಟೋನ್ ಮುಂತಾದವು ಆಮೇಲೆ ಪಟ್ಟಿಗೆ ಸೇರಿದವು. ಇವುಗಳಲ್ಲಿ ಯಾವುದೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಅಥವಾ ಅದರ ಮಾತು ಬೇರೆಯಾಗಿ ಕೇಳಿಸುತ್ತದೆ. ಆದ್ದರಿಂದ ಒಂದನ್ನು ಹೊರಗಿನಿಂದ ಸುರಿದು ನಮಗೆ ಬೇಕಾದ ಒಂದೇ ಫಲವನ್ನು ಪಡೆಯುವುದು ಧಾನ್ಯದ ಬೆಳೆಗಳಲ್ಲಿ ಅಪರೂಪ.

ದ್ರಾಕ್ಷಿಯಲ್ಲಿ ಅದು ಸಾಧ್ಯವಾಗುವುದಕ್ಕೆ ವಿಶೇಷ ಕಾರಣವಿದೆ. ಕಾಯಿ ದಪ್ಪವಾಗಲು ಬೇಕಾದ ಜಿಬ್ಬರೆಲಿನ್ ಸಾಮಾನ್ಯವಾಗಿ ಒಳಗಿನ ಎಳೆಯ ಬೀಜಗಳಿಂದ ಬರುತ್ತದೆ. ಬೀಜರಹಿತ ತಳಿಯಲ್ಲಿ ಬೀಜ ಬೆಳೆಯದಿರುವುದರಿಂದ ಆ ಪೂರೈಕೆ ಕಡಿಮೆ, ಕಾಯಿ ಚಿಕ್ಕದು. ಹೊರಗಿನಿಂದ ಕೊಟ್ಟ ಜಿಬ್ಬರೆಲಿಕ್ ಆಮ್ಲ ಆ ಕೊರತೆಯನ್ನು ತುಂಬುತ್ತದೆ, ಗೊಂಚಲಿನ ಕಾಂಡವನ್ನೂ ಉದ್ದ ಮಾಡಿ ಕಾಯಿಗಳಿಗೆ ಜಾಗ ಬಿಡಿಸುತ್ತದೆ. ರಾಗಿಯ ಪ್ರತಿ ಕಾಳೂ ಬೀಜವೇ ಆಗಿರುವುದರಿಂದ ಅಲ್ಲಿ ಇಂಥ ಕೊರತೆ ಇಲ್ಲ. ಕೊರತೆ ಇಲ್ಲದ ಕಡೆ ಸುರಿದ ಜಿಬ್ಬರೆಲಿನ್ ಎಲ್ಲಿ ಕೆಲಸ ಮಾಡುತ್ತದೆಂದರೆ, ಗೆಣ್ಣು ಗೆಣ್ಣುಗಳ ನಡುವೆ. ಕಾಂಡ ಉದ್ದವಾಗಿ, ತೆಳ್ಳಗಾಗಿ, ಮೇಲಿನ ತೆನೆಯ ಭಾರಕ್ಕೆ ಬಾಗುತ್ತದೆ.

ಜಿಬ್ಬರೆಲಿನ್ ಜಗತ್ತಿಗೆ ಗೊತ್ತಾದದ್ದೇ ಒಂದು ರೋಗದ ಮೂಲಕ. ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಸಸಿಗಳು ಉಳಿದವುಗಳಿಗಿಂತ ಬಹಳ ಎತ್ತರಕ್ಕೆ ಬೆಳೆದು, ಬಿಳಚಿ, ಬಿದ್ದು, ಜೊಳ್ಳಾಗುತ್ತಿದ್ದವು. ಒಂದು ಶಿಲೀಂಧ್ರ ಸ್ರವಿಸುವ ವಸ್ತುವಿನಿಂದಲೇ ಹಾಗಾಗುತ್ತದೆ ಎಂದು 1926ರಲ್ಲಿ ಜಪಾನಿನ ವಿಜ್ಞಾನಿ ಕುರೊಸಾವಾ ತೋರಿಸಿದರು. ಮುಂದೆ ಆ ಶಿಲೀಂಧ್ರದ ಹೆಸರಿನಿಂದಲೇ ಆ ವಸ್ತುವಿಗೆ ಜಿಬ್ಬರೆಲಿನ್ ಎಂಬ ಹೆಸರು ಬಂತು. ಭತ್ತದಲ್ಲಿ ಅತಿಯಾದ ಜಿಬ್ಬರೆಲಿನ್ ಏನು ಮಾಡುತ್ತದೆ ಎಂಬುದಕ್ಕೆ ಆ ರೋಗವೇ ಸಾಕ್ಷಿ. ಇನ್ನೂ ಗಟ್ಟಿಯಾದ ಸಾಕ್ಷಿ ಹಸಿರು ಕ್ರಾಂತಿಯದು. 1966ರಲ್ಲಿ ಬಿಡುಗಡೆಯಾದ ಐಆರ್-8 ಭತ್ತ ಗಿಡ್ಡವಾಗಿದ್ದುದು ಅದರ ಕಾಂಡದಲ್ಲಿ ಜಿಬ್ಬರೆಲಿನ್ ತಯಾರಿಸುವ ಒಂದು ಕಿಣ್ವ ಕುಂಠಿತವಾಗಿದ್ದುದರಿಂದ. ಗೋಧಿಯ ಗಿಡ್ಡ ತಳಿಗಳಲ್ಲಿ ಜಿಬ್ಬರೆಲಿನ್ ಇದ್ದರೂ ಅದರ ಮಾತನ್ನು ಗಿಡ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಕಾಂಡಕ್ಕೆ ಹೋಗುತ್ತಿದ್ದ ಸಾರದ ಒಂದು ಪಾಲು ತೆನೆಗೆ ತಿರುಗಿತು, ಗೊಬ್ಬರ ಕೊಟ್ಟರೂ ಬೆಳೆ ಮಲಗದಾಯಿತು, ಇಳುವರಿ ಏರಿತು. ತಳಿ ವಿಜ್ಞಾನಿಗಳು ಜಿಬ್ಬರೆಲಿನ್ ಪ್ರಭಾವವನ್ನು ತಗ್ಗಿಸಿ ಇಳುವರಿ ಹೆಚ್ಚಿಸಿರುವಾಗ, ಅದನ್ನೇ ಹಣ ಕೊಟ್ಟು ತಂದು ಹೊಲಕ್ಕೆ ಸುರಿಯುವುದು ನನಗಂತೂ ಅರ್ಥವಾಗದ ಲೆಕ್ಕ. ಧಾನ್ಯಗಳಲ್ಲಿ ಜಿಬ್ಬರೆಲಿಕ್ ಆಮ್ಲಕ್ಕೆ ನಿಜವಾದ ಬಳಕೆ ಒಂದುಂಟು: ಸಂಕರಣ ಭತ್ತದ ಬೀಜೋತ್ಪಾದನೆಯಲ್ಲಿ ಹೆಣ್ಣು ಸಾಲಿನ ತೆನೆ ಕಡೆಯ ಎಲೆಯ ಒರೆಯಲ್ಲೇ ಸಿಕ್ಕಿಕೊಳ್ಳುವುದರಿಂದ ಅದನ್ನು ಹೊರತರಲು ಸಿಂಪಡಿಸುತ್ತಾರೆ. ನಿಮ್ಮ ಹೊಲಕ್ಕೆ ಅದು ಸಂಬಂಧಿಸಿದ್ದಲ್ಲ.

ಹಾಗಾದರೆ ತೆಂಡೆಯನ್ನು ಯಾವುದು ನಿರ್ಧರಿಸುತ್ತದೆ? ರಾಗಿ ಗಿಡದ ಬುಡದ ಪ್ರತಿ ಗೆಣ್ಣಿನಲ್ಲೂ, ಎಲೆಯ ಕಂಕುಳಲ್ಲಿ, ಒಂದು ಮೊಗ್ಗು ಇರುತ್ತದೆ. ಅದು ಎದ್ದರೆ ತೆಂಡೆ, ಮಲಗಿದ್ದರೆ ಏನೂ ಇಲ್ಲ. ನಿಮ್ಮ ಗಿಡಗಳಲ್ಲಿ ಮೊಗ್ಗುಗಳಿಗೆ ಕೊರತೆಯಿಲ್ಲ, ಏಳಲು ಅನುಮತಿ ಸಿಕ್ಕಿಲ್ಲ. ಗಿಡದ ಸುಳಿಯಿಂದ ಕೆಳಗಿಳಿಯುವ ಆಕ್ಸಿನ್ ಈ ಮೊಗ್ಗುಗಳನ್ನು ಅದುಮಿಡುತ್ತದೆ. ಸ್ಟ್ರೈಗೊಲ್ಯಾಕ್ಟೋನ್ ಎಂಬ ಇನ್ನೊಂದು ಹಾರ್ಮೋನು ಅದಕ್ಕೆ ಜೊತೆ ಕೊಡುತ್ತದೆ. ಕವಲೊಡೆಯುವುದನ್ನು ತಡೆಯುವ ಅದರ ಪಾತ್ರ ಗೊತ್ತಾದದ್ದು 2008ರಲ್ಲಷ್ಟೇ. ಮೊಗ್ಗನ್ನು ಎಬ್ಬಿಸುವುದು ಸೈಟೊಕೈನಿನ್. ಈ ಮೂರರ ತೂಕ ಯಾವ ಕಡೆ ವಾಲುತ್ತದೆ ಎಂಬುದನ್ನು ಬಹುಮಟ್ಟಿಗೆ ನಿಮ್ಮ ಹೊಲದ ಸ್ಥಿತಿಯೇ ತೀರ್ಮಾನಿಸುತ್ತದೆ.

ಬೇರಿಗೆ ನೈಟ್ರೇಟ್ ರೂಪದ ಸಾರಜನಕ ಸಿಕ್ಕಿದಾಗ ಸೈಟೊಕೈನಿನ್ ತಯಾರಿಕೆ ಹೆಚ್ಚುತ್ತದೆ ಮತ್ತು ಅದು ನೀರಿನೊಂದಿಗೆ ಮೇಲಕ್ಕೆ ಹರಿಯುತ್ತದೆ. ಮಣ್ಣಿನಲ್ಲಿ ರಂಜಕದ ಕೊರತೆಯಾದಾಗ ಬೇರು ಸ್ಟ್ರೈಗೊಲ್ಯಾಕ್ಟೋನನ್ನು ಹೆಚ್ಚು ತಯಾರಿಸುತ್ತದೆ. ಅದರ ಒಂದು ಪಾಲು ಮಣ್ಣಿಗೆ ಇಳಿದು, ರಂಜಕ ತಂದುಕೊಡುವ ಮೈಕೊರೈಜಾ ಶಿಲೀಂಧ್ರವನ್ನು ಕರೆಯುತ್ತದೆ. ಇನ್ನೊಂದು ಪಾಲು ಮೇಲೆ ಹೋಗಿ ತೆಂಡೆಯನ್ನು ತಡೆಯುತ್ತದೆ. ಆಹಾರ ಕಡಿಮೆ ಇರುವಾಗ ಹೊಸ ತೆಂಡೆಗಳನ್ನು ಸಾಕಲು ಹೋಗದಿರುವುದು ಗಿಡದ ಮಟ್ಟಿಗೆ ಜಾಣತನವೇ. ಒತ್ತಾದ ಬಿತ್ತನೆಯ ಸುದ್ದಿ ಬೆಳಕಿನ ಮೂಲಕ ಮುಟ್ಟುತ್ತದೆ. ಪಕ್ಕದ ಎಲೆಗಳು ಕೆಂಪು ಬೆಳಕನ್ನು ಹೀರಿ ಅತಿಗೆಂಪು ಬೆಳಕನ್ನು ಹಾಯಬಿಡುವುದರಿಂದ, ನೆರೆಯವರು ಹತ್ತಿರವಿದ್ದಾರೆ ಎಂದು ಗಿಡಕ್ಕೆ ಗೊತ್ತಾಗಿಬಿಡುತ್ತದೆ. ಆಗ ಅದು ತೆಂಡೆ ಬಿಟ್ಟು ಎತ್ತರಕ್ಕೆ ಏಳುತ್ತದೆ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ನಿಮ್ಮ ಹೊಲದಲ್ಲಿ ನಡೆದಿರುವುದು ಮುಖ್ಯವಾಗಿ ಇದು. ನೆರಳಿನ ಈ ಸುದ್ದಿಯನ್ನು ಯಾವ ಬಾಟಲಿಯೂ ಅಳಿಸುವುದಿಲ್ಲ, ಗಿಡಗಳ ನಡುವೆ ಜಾಗ ಬಿಡಿಸಿದರೆ ಮಾತ್ರ ಅದು ಅಳಿಯುತ್ತದೆ.

ನಮ್ಮ ಹಿರಿಯರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಎಳೆಯ ರಾಗಿಯ ಮೇಲೆ ಹಲುವೆ ಹಾಯಿಸಿ ಒತ್ತಾದ ಸಸಿಗಳನ್ನು ತೆಳುವು ಮಾಡುತ್ತಿದ್ದುದು ಅದಕ್ಕಾಗಿ. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಒಂದೂವರೆ ಅಡಿ ಅಂತರದಲ್ಲಿ ಸಸಿ ನೆಟ್ಟು, ಅವು ಬೇರೂರಿದ ಮೇಲೆ ಹಗುರವಾದ ಮರದ ಕೊರಡನ್ನು ಬೆಳೆಯ ಮೇಲೆ ಎಳೆಯುತ್ತಾರೆ. ಸಸಿ ಬಾಗಿ ಸುಳಿಗೆ ಪೆಟ್ಟಾಗುತ್ತದೆ, ಸುಳಿಯಿಂದ ಇಳಿಯುವ ಆಕ್ಸಿನ್ನಿನ ಹಿಡಿತ ಸಡಿಲವಾಗುತ್ತದೆ, ಬುಡದ ಮೊಗ್ಗುಗಳು ಏಳುತ್ತವೆ. ಇದನ್ನು ಓದಿ ನಾಳೆಯೇ ನಿಮ್ಮ ಕೂರಿಗೆ ರಾಗಿಯ ಮೇಲೆ ಕೊರಡು ಎಳೆಯಬೇಡಿ. ಒತ್ತಾದ ಸಾಲಿನಲ್ಲಿ, ಖುಷ್ಕಿಯಲ್ಲಿ, ತೇವ ಕಡಿಮೆ ಇರುವಾಗ ಪೆಟ್ಟಾದ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಅದು ಅಗಲ ಅಂತರದ ನಾಟಿ ಬೆಳೆಗೆ ಹೊಂದಿದ ಕ್ರಮ.

ತೆಂಡೆಯ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಎಲ್ಲ ತೆಂಡೆಯೂ ಲಾಭವಲ್ಲ. ತಡವಾಗಿ ಎದ್ದ ತೆಂಡೆ ತಾಯಿಗಿಡದ ಸಾರ ತಿಂದು, ಕೊನೆಗೆ ತೆನೆ ಕೊಡದೆ ಅಥವಾ ಹಸಿ ತೆನೆ ಹೊತ್ತು ಕೊಯ್ಲಿಗೆ ತೊಂದರೆ ಕೊಡುತ್ತದೆ. ಸೆಪ್ಟೆಂಬರಿನಲ್ಲಿ ಮಳೆ ಕೈಕೊಡುವ ನಮ್ಮ ಬಯಲುಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ನೋಡಬೇಕಾದದ್ದು ತೆನೆ ಕೊಡುವ ತೆಂಡೆಗಳನ್ನು, ಮತ್ತು ಪ್ರತಿ ತೆನೆಯಲ್ಲಿ ಎಷ್ಟು ಇಲುಕು (ತೆನೆಯ ಬೆರಳು), ಇಲುಕಿನಲ್ಲಿ ಎಷ್ಟು ಕಾಳು ಎಂಬುದನ್ನು. ತೆನೆಯ ಗಾತ್ರ ನಿರ್ಧಾರವಾಗುವುದು ಅದು ಹೊರಗೆ ಕಾಣುವ ವಾರಗಳ ಮುಂಚೆ, ಕಾಂಡದೊಳಗೆ. ಭತ್ತದಲ್ಲಿ ಜಪಾನಿನ ಸಂಶೋಧಕರು 2005ರಲ್ಲಿ ತೋರಿಸಿದಂತೆ, ಎಳೆಯ ತೆನೆಯೊಳಗೆ ಸೈಟೊಕೈನಿನ್ನನ್ನು ಕರಗಿಸುವ ಕಿಣ್ವ ಕಡಿಮೆ ಇರುವ ತಳಿಗಳಲ್ಲಿ ಕಾಳಿನ ಸಂಖ್ಯೆ ಹೆಚ್ಚು. ಅಂದರೆ ಹಾರ್ಮೋನಿಗೂ ಇಳುವರಿಗೂ ನಂಟು ಇರುವುದು ನಿಜ, ಅಂಗಡಿಯವರು ಗಾಳಿಯಲ್ಲಿ ಮಾತಾಡುತ್ತಿಲ್ಲ. ಆದರೆ ಆ ಕೆಲಸ ತಳಿಯ ಒಳಗೆ, ತೆನೆಯ ತುದಿಯಲ್ಲಿ, ಕೆಲವೇ ದಿನಗಳಲ್ಲಿ ನಡೆಯುವಂಥದು. ಎಲೆಯ ಮೇಲೆ ಬಿದ್ದ ಸಿಂಪಡಣೆಯ ಎಷ್ಟು ಪಾಲು ಅಲ್ಲಿಗೆ ಮುಟ್ಟೀತು, ಮುಟ್ಟಿದ್ದು ಅದೇ ಕಿಣ್ವದ ಕೈಗೆ ಸಿಕ್ಕದೆ ಎಷ್ಟು ಉಳಿದೀತು ಎಂಬುದೇ ತೊಡಕು.

ಹೂ ಬಿಟ್ಟು ಕಾಳು ಕಟ್ಟುವ ಕಾಲದಲ್ಲಿ ಮುಖ್ಯವಾಗುವುದು ಅಬ್ಸಿಸಿಕ್ ಆಮ್ಲ. ಮಣ್ಣು ಒಣಗಿದಾಗ ಅದು ಏರಿ, ಎಲೆಯ ಪತ್ರರಂಧ್ರಗಳನ್ನು ಮುಚ್ಚಿಸಿ ನೀರನ್ನು ಉಳಿಸುತ್ತದೆ. ಗಿಡವನ್ನು ಬದುಕಿಸುವುದೂ ಅದೇ, ಹೂವಿನ ಹೊತ್ತಿನಲ್ಲಿ ಅತಿಯಾದರೆ ಪರಾಗವನ್ನು ಜೊಳ್ಳು ಮಾಡುವುದೂ ಅದೇ ಎಂದು ಗೋಧಿ, ಭತ್ತಗಳಲ್ಲಿ ಕಂಡಿದೆ. ಆಗ ಹೊಡೆಯುವ ಟಾನಿಕ್ಕಿಗಿಂತ ಒಂದು ಹದ ಮಳೆ, ಅಥವಾ ಕೃಷಿಹೊಂಡದ ನೀರಿದ್ದರೆ ಒಂದು ತೇವ, ಬಹಳ ದೊಡ್ಡದು. ಕಾಳು ಬಲಿತ ಮೇಲೆ ಅದು ತೆನೆಯಲ್ಲೇ ಮೊಳೆಯದಂತೆ ತಡೆಯುವುದೂ ಇದೇ ಆಮ್ಲ. ಕಾಳು ಒಣಗುತ್ತಾ ಇದರ ಪ್ರಮಾಣ ಇಳಿದಿರುವಾಗ ನೀರು ಬಿದ್ದರೆ ಮೊಳಕೆ ಒಡೆಯುತ್ತದೆ. 2021ರ ನವೆಂಬರಿನ ಅಕಾಲಿಕ ಮಳೆಯಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳ ರಾಗಿ ಎಷ್ಟು ಹಾಳಾಯಿತು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ನಾನು ಮೊದಲು ಹೇಳುವುದು ಖರ್ಚು ಕಡಿಮೆಯ ದಾರಿ. ಒಂದು ತಿಂಗಳ ಬೆಳೆಯಾದ್ದರಿಂದ ಕಾಲ ಮೀರಿಲ್ಲ, ಆದರೆ ಇನ್ನು ಹತ್ತು ದಿನ ತಡಮಾಡಿದರೆ ಮೀರುತ್ತದೆ. ಸಾಲಿನ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯಿರಿ, ಸಾಲಿನೊಳಗೆ ತೀರ ಒತ್ತಾದ ಸಸಿಗಳನ್ನು ಕಿತ್ತು ಗಿಡದಿಂದ ಗಿಡಕ್ಕೆ ಸುಮಾರು ನಾಲ್ಕು ಬೆರಳು ಬಿಡಿ. ಮಳೆ ಬಿದ್ದು ಮಣ್ಣು ಹದವಾಗಿದ್ದಾಗ ಮೇಲುಗೊಬ್ಬರ ಕೊಡಿ. ಖುಷ್ಕಿ ರಾಗಿಗೆ ಶಿಫಾರಸು ಎಕರೆಗೆ ಒಟ್ಟು 20 ಕಿಲೋ ಸಾರಜನಕ. ಬಿತ್ತುವಾಗ ಅರ್ಧ ಕೊಟ್ಟಿದ್ದರೆ ಉಳಿದ 10 ಕಿಲೋಗೆ ಸುಮಾರು 22 ಕಿಲೋ ಯೂರಿಯಾ ಸಾಕು. ಇದೇ ನಿಮ್ಮ ಸೈಟೊಕೈನಿನ್ ಸಿಂಪಡಣೆ ಎಂದುಕೊಳ್ಳಿ. ಇದಕ್ಕೂ ಅಪಾಯವಿಲ್ಲದಿಲ್ಲ: ಒಣ ಮಣ್ಣಿಗೆ ಹಾಕಿದರೆ ಗಾಳಿಗೆ ಹೋಗುತ್ತದೆ, ಇನ್ನೊಂದು ಚೀಲ ಹೆಚ್ಚು ಸುರಿದರೆ ಹೋದ ವರ್ಷದಂತೆ ಬೆಳೆ ಮಲಗುತ್ತದೆ, ಶಿಲೀಂಧ್ರದಿಂದ ಬರುವ ಬೆಂಕಿ ರೋಗಕ್ಕೂ ದಾರಿಯಾಗುತ್ತದೆ. ಜಿಪಿಯು-28 ಬೆಂಕಿ ರೋಗವನ್ನು ಚೆನ್ನಾಗಿ ತಡೆಯುವ ತಳಿಯೆಂಬುದು ಯೂರಿಯಾ ಸುರಿಯಲು ಪರವಾನಗಿಯಲ್ಲ. ಬಿತ್ತುವಾಗ ರಂಜಕ ಹಾಕಿಲ್ಲದಿದ್ದರೆ ಅದನ್ನು ಈಗ ಮೇಲೆ ಎರಚಿ ಹೆಚ್ಚು ಪ್ರಯೋಜನವಿಲ್ಲ, ರಂಜಕ ಮಣ್ಣಿನಲ್ಲಿ ಚಲಿಸುವುದು ಬಹಳ ಕಡಿಮೆ. ಮುಂದಿನ ಬಿತ್ತನೆಗೆ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಿ, ಸತುವಿನ ಕೊರತೆಯನ್ನೂ ನೋಡಿಸಿ. ಸತು ಕಡಿಮೆಯಾದ ಗಿಡದಲ್ಲಿ ಆಕ್ಸಿನ್ ಮಟ್ಟ ಇಳಿದು ಬೆಳವಣಿಗೆ ಕುಗ್ಗುತ್ತದೆ.

ಬೆಳವಣಿಗೆ ಪ್ರಚೋದಕಗಳಾದ ಟ್ರೈಯಾಕಾಂಟನಾಲ್, ಬ್ರಾಸಿನೊಲೈಡ್ (ಒಂದು ಬ್ರಾಸಿನೊಸ್ಟೀರಾಯ್ಡ್) ಇರುವ ಟಾನಿಕ್ ಬಾಟಲಿಗಳು ಎರಡನೆಯ ದಾರಿ. ಮೊದಲನೆಯದನ್ನು ಕುದುರೆಮಸಾಲೆ ಸೊಪ್ಪಿನಲ್ಲಿ ಗುರುತಿಸಿ ಅಮೆರಿಕದವರು 1977ರಲ್ಲಿ ಪ್ರಕಟಿಸಿದಾಗ ದೊಡ್ಡ ಆಸೆ ಹುಟ್ಟಿತ್ತು. ಹೊಲಗಳಲ್ಲಿ ಫಲಿತಾಂಶ ಒಂದು ಕಡೆ ಬಂದಂತೆ ಇನ್ನೊಂದು ಕಡೆ ಬರಲಿಲ್ಲ. ಎರಡನೆಯದು 1979ರಲ್ಲಿ ಸಾಸಿವೆ ಜಾತಿಯ ಪರಾಗದಿಂದ ದೊರೆತದ್ದು. ಬರ, ಬಿಸಿಲಿನ ಒತ್ತಡದಲ್ಲಿ ಗಿಡಕ್ಕೆ ನೆರವಾಗುವ ಗುಣ ಅದಕ್ಕಿದೆ. ಇವುಗಳಿಂದ ಹಾನಿ ಕಡಿಮೆ, ಆದರೆ ಜಾಗ ಬಿಡಿಸದ, ಗೊಬ್ಬರ ಕಾಣದ ಬೆಳೆಯಲ್ಲಿ ಲಾಭವೂ ಕಾಣುವುದಿಲ್ಲ. ಎಳನೀರು, ತೆಂಗಿನಕಾಯಿ-ಮಜ್ಜಿಗೆ ದ್ರಾವಣಗಳನ್ನು ತುಮಕೂರು ಕಡೆ ಅನೇಕರು ಸಿಂಪಡಿಸುತ್ತಾರೆ. ಎಳನೀರಿನಲ್ಲಿ ಸೈಟೊಕೈನಿನ್ ಇರುವುದು ನಿಜ, ಹೊಲದಲ್ಲಿ ಅದರ ಫಲ ಅಲ್ಪಕಾಲದ್ದು. ಮನೆಯಲ್ಲೇ ಇದ್ದರೆ ಮಾಡಿ, ಕಾಯಿ ಕೊಂಡು ತಂದು ಮಾಡಬೇಡಿ.

ಮೂರನೆಯದು ಬೆಳೆ ಮಲಗದಂತೆ ಗಿಡ್ಡ ಮಾಡುವ ಕ್ಲೋರ್ಮೆಕ್ವಾಟ್ ಕ್ಲೋರೈಡ್. ಇದು ಗಿಡದೊಳಗೆ ಜಿಬ್ಬರೆಲಿನ್ ತಯಾರಿಕೆಯನ್ನೇ ತಡೆಯುತ್ತದೆ. ನೀರು, ಗೊಬ್ಬರ ಧಾರಾಳವಾಗಿ ಕೊಡುವ ಉತ್ತರ ಭಾರತದ ಗೋಧಿಯಲ್ಲಿ ಇದಕ್ಕೆ ಸ್ಥಾನವಿದೆ. ನಿಮ್ಮ ಖುಷ್ಕಿ ರಾಗಿಯಲ್ಲಿ ಸಾರಜನಕವನ್ನು ಮಿತಿಯಲ್ಲಿಟ್ಟರೆ ಅದರ ಅಗತ್ಯ ಬರುವುದಿಲ್ಲ. ಹುಲ್ಲು ಗಿಡ್ಡವಾದರೆ ಮೇವಿನಲ್ಲೂ ನಷ್ಟ, ಹಸು ಕಟ್ಟಿರುವ ಮನೆಗೆ ಅದು ಸಣ್ಣ ನಷ್ಟವಲ್ಲ.

ಟೊಮೆಟೊ ವಿಷಯದಲ್ಲಿ ನಿಮಗೆ ಹೇಳಿದವರ ಮಾತು ಸರಿ. ರಾಗಿಯಲ್ಲಿ ಅಗಲ ಎಲೆಯ ಕಳೆಗಳಿಗೆ ಬಳಸುವ 2,4-ಡಿ ಎಂಬುದು ಕೃತಕ ಆಕ್ಸಿನ್. ಹುಲ್ಲಿನ ಜಾತಿಯ ಗಿಡಗಳು ಅದನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತವೆ, ಅಗಲ ಎಲೆಯವು ಅಂಕೆ ತಪ್ಪಿ ತಿರುಚಿಕೊಂಡು ಸಾಯುತ್ತವೆ. ಟೊಮೆಟೊ ಮತ್ತು ದ್ರಾಕ್ಷಿ ಇದಕ್ಕೆ ಅತಿ ಸೂಕ್ಷ್ಮ, ಗಾಳಿಯಲ್ಲಿ ತೇಲಿಬಂದ ತುಂತುರೂ ಸಾಕು. ಎಸ್ಟರ್ ರೂಪದ 2,4-ಡಿ ಆವಿಯಾಗಿಯೂ ಹರಡುತ್ತದೆ. ಬಿಳಿನೊಣದಿಂದ ಬರುವ ಎಲೆಮುದುರು ರೋಗವೆಂದು ಇದನ್ನು ತಪ್ಪು ತಿಳಿಯುವುದುಂಟು. ಆ ರೋಗ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗಿ ನಿಧಾನವಾಗಿ ಹರಡುತ್ತದೆ, ಎಲೆ ಹಳದಿಯಾಗಿ ಮುದುಡುತ್ತದೆ. ಕಳೆನಾಶಕದ ಪೆಟ್ಟು ಗಾಳಿ ಬಂದ ದಿಕ್ಕಿನ ಅಂಚಿನಲ್ಲಿ ಒಟ್ಟಿಗೇ ಕಾಣಿಸಿಕೊಂಡು ಎಳೆ ಎಲೆಗಳನ್ನು ದಾರದಂತೆ ಮಾಡುತ್ತದೆ. ನಿಮ್ಮ ರಾಗಿಯಲ್ಲಿ ಅಕ್ಕಡಿ ಅವರೆ ಇರುವುದರಿಂದ 2,4-ಡಿಯನ್ನು ನೀವು ಬಳಸುವಂತೆಯೇ ಇಲ್ಲ, ರಾಗಿಯ ಕಳೆಯ ಜೊತೆಗೆ ಅವರೆಯೂ ಹೋಗುತ್ತದೆ. ಬಳಸುವವರೂ ಬೆಳೆ ಮೂರು ವಾರದ ಆಸುಪಾಸಿನಲ್ಲಿ ಇರುವಾಗ ಮಾತ್ರ ಬಳಸಬೇಕು. ಕಾಂಡದೊಳಗೆ ತೆನೆ ಮೂಡುವ ಹೊತ್ತಿಗೆ ಹೊಡೆದರೆ ರಾಗಿಯ ತೆನೆಯೇ ವಿಕಾರವಾಗಿ ಕಾಳು ಕಟ್ಟದೆ ಹೋಗಬಹುದು. ಅದಕ್ಕೆ ಬಳಸಿದ ಸಿಂಪಡಣೆ ಪಂಪನ್ನು ಟೊಮೆಟೊಗೆ ಒಯ್ಯಬೇಡಿ, ತೊಳೆದರೂ ಅಂಶ ಉಳಿಯುತ್ತದೆ.

ಮುದ್ದೆ ತಿನ್ನುವವರಿಗೆ, ಹುಲ್ಲು ಮೇಯುವ ದನಕ್ಕೆ ತೊಂದರೆಯೇ ಎಂಬುದಕ್ಕೆ ಎರಡು ಮಾತು. ಹಾರ್ಮೋನು ಎಂಬ ಹೆಸರಿಗೇ ಹೆದರಬೇಕಾಗಿಲ್ಲ: ಜಿಬ್ಬರೆಲಿನ್, ಸೈಟೊಕೈನಿನ್‌ಗಳು ನಾವು ತಿನ್ನುವ ಪ್ರತಿ ಕಾಳು, ಸೊಪ್ಪಿನಲ್ಲಿ ಸಹಜವಾಗಿ ಇವೆ, ಅವು ಪ್ರಾಣಿಗಳ ಹಾರ್ಮೋನುಗಳಲ್ಲ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿದಾಗ ಹಿಟ್ಟು ಸಿಹಿಯಾಗುವುದರ ಹಿಂದೆ ಇರುವುದೂ ಮೊಳಕೆಯ ಜಿಬ್ಬರೆಲಿನ್ನೇ. ಆದರೆ ಕ್ಲೋರ್ಮೆಕ್ವಾಟ್, 2,4-ಡಿಯಂಥ ಕೃತಕ ವಸ್ತುಗಳ ಮಾತು ಬೇರೆ. 2,4-ಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆ ಇರಬಹುದಾದ ವರ್ಗಕ್ಕೆ ಸೇರಿಸಿದೆ. ಲೇಬಲ್ಲಿನಲ್ಲಿ ಬರೆದ ಪ್ರಮಾಣ ಮತ್ತು ಕೊಯ್ಲಿಗೆ, ಮೇವಿಗೆ ಮುಂಚೆ ಬಿಡಬೇಕಾದ ದಿನಗಳನ್ನು ಅಂಥವುಗಳಲ್ಲಿ ತಪ್ಪದೆ ಪಾಲಿಸಬೇಕು.

ಲೇಬಲ್ ಓದುವ ಅಭ್ಯಾಸ ಬೇರೆ ಕಾರಣಕ್ಕೂ ಬೇಕು. ಜಿಬ್ಬರೆಲಿಕ್ ಆಮ್ಲ, ಕ್ಲೋರ್ಮೆಕ್ವಾಟ್‌ಗಳಂಥ ಬೆಳವಣಿಗೆ ನಿಯಂತ್ರಕಗಳು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಿರಬೇಕು, ಯಾವ ಬೆಳೆಗೆ ಎಷ್ಟು ಎಂಬುದು ಲೇಬಲ್ಲಿನ ಜೊತೆಯ ಚೀಟಿಯಲ್ಲಿ ಇರಬೇಕು. ಅದರಲ್ಲಿ ರಾಗಿಯ ಹೆಸರಿಲ್ಲದಿದ್ದರೆ ಅಂಗಡಿಯವರ ಬಾಯಿಮಾತು ಶಿಫಾರಸಲ್ಲ. ಕಡಲಕಳೆ ಸಾರ, ಹ್ಯೂಮಿಕ್ ಆಮ್ಲಗಳಂಥ ಜೈವಿಕ ಪ್ರಚೋದಕಗಳು 2021ರ ಫೆಬ್ರುವರಿಯಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಏನಿದೆ ಎಂದು ಬರೆಯದೆ, ಎಲ್ಲ ಬೆಳೆಗೂ ಆಗುತ್ತದೆ ಎಂದಷ್ಟೇ ಬರೆದ ಟಾನಿಕ್ ಬಾಟಲಿಯನ್ನು ಕೊಳ್ಳಬೇಡಿ. ಕೊಂಡರೆ ರಸೀದಿ ಇಲ್ಲದೆ ಕೊಳ್ಳಬೇಡಿ.

ಮುಂದಿನ ವರ್ಷಕ್ಕೆ ಬೀಜದಿಂದಲೇ ಶುರು ಮಾಡಿ. ಸಾಲು ಬಿತ್ತನೆಗೆ ಎಕರೆಗೆ ನಾಲ್ಕೈದು ಕಿಲೋ ಬೀಜ ಸಾಕು, ಸಾಲಿಗೆ ಒಂದು ಅಡಿ ಅಂತರವಿರಲಿ. ಒಂದು ಕಿಲೋ ಬೀಜಕ್ಕೆ ಒಂದು ಲೀಟರ್ ನೀರಿನಂತೆ ಆರು ಗಂಟೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಎರಡು ದಿನ ಕಟ್ಟಿಡಿ. ಮೊಳಕೆಯ ಮೊದಲ ಗುರುತು ಕಂಡೊಡನೆ ಬಿಚ್ಚಿ, ನೆರಳಿನಲ್ಲಿ ಒಣ ಬಟ್ಟೆಯ ಮೇಲೆ ಎರಡು ದಿನ ಒಣಗಿಸಿ ಬಿತ್ತಿ. ಬೀಜದೊಳಗೆ ಮೊಳಕೆ ತಡೆಯುವ ಅಬ್ಸಿಸಿಕ್ ಆಮ್ಲ ಇಳಿದು ಜಿಬ್ಬರೆಲಿನ್ ಏರುವ ಹಂತವನ್ನು ಮನೆಯಲ್ಲೇ ದಾಟಿಸಿ ಹೊಲಕ್ಕೆ ಕಳಿಸಿದಂತಾಗುತ್ತದೆ. ಬಿತ್ತುವ ಮುಂಚೆ ಅಜೋಸ್ಪಿರಿಲಂ ಲೇಪಿಸಿದರೆ ಒಳ್ಳೆಯದು, ಆ ಸೂಕ್ಷ್ಮಾಣು ತಾನೇ ಆಕ್ಸಿನ್ ಸ್ರವಿಸಿ ಬೇರನ್ನು ಹೆಚ್ಚಿಸುತ್ತದೆ.

ಇಷ್ಟಾದರೂ ಟಾನಿಕ್ ಪರೀಕ್ಷಿಸಲೇಬೇಕೆಂಬ ಮನಸ್ಸಿದ್ದರೆ ಹೊಲಕ್ಕೆಲ್ಲ ಹೊಡೆಯಬೇಡಿ. ನಾಲ್ಕು ಸಾಲು ಹೊಡೆದು ಪಕ್ಕದ ನಾಲ್ಕು ಸಾಲಿಗೆ ಬರಿಯ ನೀರು ಸಿಂಪಡಿಸಿ, ಹೊಲದ ಮೂರು ಕಡೆ ಹೀಗೆ ಮಾಡಿ, ಗೂಟ ನೆಟ್ಟು ಗುರುತಿಡಿ. ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬಡಿದು, ಒಣಗಿಸಿ ತೂಗಿ. ಮೂರು ಕಡೆಯೂ ಟಾನಿಕ್ ಹೊಡೆದ ಸಾಲೇ ಮುಂದಿದ್ದು, ಹೆಚ್ಚು ಬಂದ ರಾಗಿಯ ಬೆಲೆ ಬಾಟಲಿ ಮತ್ತು ಕೂಲಿಯ ಖರ್ಚನ್ನು ಮೀರಿದ್ದರೆ ಮಾತ್ರ ಅದು ನಿಮ್ಮ ಹೊಲಕ್ಕೆ ಹೊಂದುತ್ತದೆ. ಆ ತೂಕದ ಚೀಟಿಯನ್ನು ಚಿಂತಾಮಣಿ ಹತ್ತಿರದ ಕುರುಬೂರು ಕೃಷಿ ವಿಜ್ಞಾನ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ, ಮಣ್ಣಿನ ಮಾದರಿಯನ್ನೂ ಆಗಲೇ ಕೊಟ್ಟು ಬನ್ನಿ.